ಮಳೆಗಾಲಕ್ಕೆ ಯಾವ ಶ್ರವಣ ಸಾಧನ? ತೀರ್ಥಹಳ್ಳಿಯವರ ಪ್ರಶ್ನೆಗೆ

ಅಪ್ಪನ ಕಿವಿ ಹಿಂದಿನ ಮಷಿನ್ ಮಳೆ ಶುರುವಾದಾಗಿನಿಂದ ಆಗಾಗ ಬಂದ್ ಆಗುತ್ತೆ, ಆಡಿಯೋಗ್ರಾಂನಲ್ಲಿ (ಕಿವಿ ಪರೀಕ್ಷೆಯ ನಕ್ಷೆ) 70 ಡೆಸಿಬಲ್ ನಷ್ಟ ಇದೆ, ಕಿವಿಯೊಳಗೆ ಕೂರುವ ಚಿಕ್ಕದು ಕೊಳ್ಳಲೇ ಅಂತ ಕೇಳಿದ್ದೀರಿ. ಬೇಡ. ಅಷ್ಟು ನಷ್ಟಕ್ಕೆ ತೀರಾ ಚಿಕ್ಕದರ ಬಲ ಸಾಮಾನ್ಯವಾಗಿ ಸಾಲದು, ಸಿಳ್ಳೆಯೂ ಹೊಡೆಯುತ್ತೆ. ಗುಗ್ಗೆ ಕಟ್ಟಿಕೊಳ್ಳೋ ಕಾಟ ಬೇರೆ.

ಮೊದಲು ಮಷಿನ್‌ನಿಂದ ಕಿವಿಗೆ ದನಿ ಒಯ್ಯುವ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ನೀರಹನಿ ಕೂತಿದ್ದರೆ ದನಿ ಅಲ್ಲೇ ನಿಲ್ಲುತ್ತೆ. ಕಿವಿಯೊಳಗೆ ಕೂರುವ ಅಚ್ಚನ್ನು ಟ್ಯೂಬ್ ಸಮೇತ ಮಷಿನ್‌ನಿಂದ ಕಳಚಿ, ರಬ್ಬರ್ ಬಲ್ಬಿನಿಂದ ಗಾಳಿ ಊದಿ. ರಾತ್ರಿ ಮಷಿನ್ ಮಾತ್ರ ತೇವ ಹೀರುವ ಸಿಲಿಕಾ ಜೆಲ್ ಡಬ್ಬಿಗೆ. ಸೆಲ್ ಹೊರಗಿರಲಿ, ಇಲ್ಲದಿದ್ದರೆ ಅದೂ ಒಣಗಿ ಬೇಗ ಸಾಯುತ್ತೆ. ಒಲೆ ಪಕ್ಕ ಇಡೋದು, ಹೇರ್ ಡ್ರೈಯರ್ ಹಿಡಿಯೋದು ಖಂಡಿತ ಬೇಡ. ಹೊಸ ಜಿಂಕ್-ಏರ್ (ಗಾಳಿ ತಾಗಿದ ಮೇಲೆ ಕೆಲಸ ಶುರುಮಾಡುವ) ಸೆಲ್ಲಿನ ಸ್ಟಿಕ್ಕರ್ ಕಿತ್ತ ಮೇಲೆ ಒಂದೆರಡು ನಿಮಿಷ ಗಾಳಿಗಿಟ್ಟು ಹಾಕಿ.

ಇಷ್ಟಾದರೂ ಸರಿಹೋಗದಿದ್ದರೆ ಐಪಿ68 (ನೀರು, ದೂಳು ತಡೆಯುವ ದರ್ಜೆ) ಇರುವ, ಕಿವಿ ಹಿಂದಿನದನ್ನೇ ಟ್ರಯಲ್‌ಗೆ ಕೇಳಿ.