ಶೇರ್ಡ್ ಫೋಲ್ಡರ್‌ನಲ್ಲಿಟ್ಟ ನನ್ನ ಪ್ರೋಗ್ರಾಂ ಯಾರೂ ಕಾಪಿ ಮಾಡದಂತೆ ತಡೆಯಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಬಿಡುವಿನಲ್ಲಿ ನೀವೇ ಬರೆದ ಪ್ರೋಗ್ರಾಂ ಆಫೀಸಿನ ನೆಟ್‌ವರ್ಕ್‌ನಲ್ಲಿ, ಎಲ್ಲರಿಗೂ ತೆರೆದಿರುವ ಫೋಲ್ಡರ್‌ನಲ್ಲಿದೆ. ಜೊತೆಯವರು ಅದನ್ನು ಬಳಸಬೇಕು, ಆದರೆ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಬಾರದು.

ಫೋಲ್ಡರ್‌ನಲ್ಲಿ ಇರುವವರೆಗೆ ಅದು ಆಗದ ಕೆಲಸ. ನಾನೂ ಇದಕ್ಕೆ ಎರಡು ಮೂರು ವಾರ ತಲೆ ಕೆಡಿಸಿಕೊಂಡವನೇ, ಅದಕ್ಕೇ ಮೊದಲೇ ಹೇಳಿಬಿಡುತ್ತಿದ್ದೇನೆ.

ಯಾಕೆ ಆಗುವುದಿಲ್ಲ ಅಂದರೆ, ಶೇರ್ಡ್ ಫೋಲ್ಡರ್‌ನಲ್ಲಿರುವ ಪ್ರೋಗ್ರಾಂ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅದು ಸರ್ವರ್‌ನಲ್ಲಿ ಓಡುವುದಿಲ್ಲ. ನೆಟ್‌ವರ್ಕ್ ಮೂಲಕ ಕ್ಲಿಕ್ ಮಾಡಿದವರ ಕಂಪ್ಯೂಟರಿಗೆ ಬಂದು, ಅವರ ಮೆಮೊರಿಯಲ್ಲಿ ಕೂತು ಓಡುತ್ತದೆ. ಅಂದರೆ ನಿಮ್ಮ ಪ್ರೋಗ್ರಾಂ ಆಗಲೇ ಅವರ ಕೈಗೆ ಹೋಗಿದೆ. ಆಮೇಲೆ ಕಾಪಿ ಮಾಡಬೇಡಿ ಅಂದರೆ ಏನು ಪ್ರಯೋಜನ? ವಿಂಡೋಸ್‌ನ ಪರ್ಮಿಷನ್ ಪಟ್ಟಿ ನೋಡಿ, ‘ರೀಡ್ ಅಂಡ್ ಎಕ್ಸಿಕ್ಯೂಟ್’ ಅಂತ ಎರಡಕ್ಕೂ ಸೇರಿ ಒಂದೇ ಟಿಕ್ ಇದೆ. ಓದಲು ಬಂದರೆ ಕಾಪಿ ಮಾಡಲೂ ಬರುತ್ತದೆ. ಎಲ್ಲರೂ ಒಂದೇ ಲಿನಕ್ಸ್ ಮಷಿನ್‌ಗೆ ಲಾಗಿನ್ ಆಗುವುದಾದರೆ ಸ್ವಲ್ಪ ಆಸೆ ಇದೆ. ಕಂಪೈಲ್ ಆದ (ಅಂದರೆ ಯಂತ್ರದ ಭಾಷೆಗೆ ಬದಲಾದ) ಫೈಲಿಗೆ 711 ಪರ್ಮಿಷನ್, ಅಂದರೆ ಬೇರೆಯವರಿಗೆ ಓದಲು ಬಿಡದೆ ಓಡಿಸಲು ಮಾತ್ರ ಬಿಡುವ ಪರ್ಮಿಷನ್, ಕೊಟ್ಟರೆ ಬೇರೆಯವರು ಓಡಿಸಬಹುದು, ಕಾಪಿ ಮಾಡಲು ಹೋದರೆ ‘ಪರ್ಮಿಷನ್ ಡಿನೈಡ್’ ಅನ್ನುತ್ತದೆ. ಪೈಥಾನ್ ಅಥವಾ ಶೆಲ್ ಸ್ಕ್ರಿಪ್ಟ್ ಆದರೆ ಈ ಉಪಾಯ ನಡೆಯುವುದಿಲ್ಲ, ಅದನ್ನು ಓಡಿಸುವ ಇಂಟರ್‌ಪ್ರಿಟರ್ ಎಂಬ ಪ್ರೋಗ್ರಾಂ ಮೊದಲು ಅದನ್ನು ಓದಲೇಬೇಕಲ್ವಾ. ಅಡ್ಮಿನ್ ಪಾಸ್‌ವರ್ಡ್ ಇರುವವರನ್ನಂತೂ ಯಾವ ಪರ್ಮಿಷನ್ನೂ ತಡೆಯುವುದಿಲ್ಲ.

ಬಚ್ಚಿಡುವುದೂ ಅಷ್ಟೇ. ಶೇರ್ ಹೆಸರಿನ ಕೊನೆಗೆ ಡಾಲರ್ ಚಿಹ್ನೆ ಹಾಕಿದರೆ ಅದು ನೆಟ್‌ವರ್ಕ್ ಪಟ್ಟಿಯಲ್ಲಿ ಕಾಣುವುದಿಲ್ಲ, ನಿಜ. ಆದರೆ ಪ್ರೋಗ್ರಾಂ ಓಡುತ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆದು, ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಓಪನ್ ಫೈಲ್ ಲೊಕೇಶನ್’ ಒತ್ತಿದರೆ ಫೋಲ್ಡರ್ ಕಣ್ಣೆದುರಿಗೆ.

ನಾನು ಆಮೇಲೆ ಮಾಡಿದ್ದು ಇನ್ನೂ ತಮಾಷೆ. ಪ್ರೋಗ್ರಾಂ ಶುರುವಾಗುವಾಗ ಕಂಪ್ಯೂಟರಿನ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ನೋಡಿ, ನನ್ನ ಪಟ್ಟಿಯಲ್ಲಿ ಇಲ್ಲದಿದ್ದರೆ ನಿಲ್ಲುವಂತೆ ಬರೆದೆ. ಭಾರೀ ಜಾಣ ಅಂದುಕೊಂಡಿದ್ದೆ. ಪಕ್ಕದ ಸೀಟಿನ ಗೆಳೆಯನಿಗೆ ತೋರಿಸಿದರೆ ಅವನು ಫೈಲನ್ನು ಸುಮ್ನೆ ನೋಟ್‌ಪ್ಯಾಡ್‌ನಲ್ಲಿ ತೆರೆದ. ಚಿತ್ರವಿಚಿತ್ರ ಅಕ್ಷರಗಳ ರಾಶಿ. ಅವನು ಕೆಳಗೆ ಇಳಿಯುತ್ತಾ ಹೋದ. ಒಂದು ಕಡೆ ಡೇಟಾಬೇಸ್ ಸರ್ವರ್ ಹೆಸರು, ಯೂಸರ್ ಹೆಸರು, ಅದರ ಪಕ್ಕದಲ್ಲೇ ಪಾಸ್‌ವರ್ಡ್, ಎಲ್ಲ ಸ್ಪಷ್ಟವಾಗಿ ಓದುವಂತೆ ಕೂತಿದ್ದವು. ಬೀಗ ಹಾಕಿದ ಬಾಗಿಲ ಮೇಲೇ ಕೀಲಿ ನೇತುಹಾಕಿದ್ದೆ. ಮ್ಯಾಕ್ ವಿಳಾಸವನ್ನಂತೂ ಸೆಟ್ಟಿಂಗ್ಸ್‌ನಲ್ಲೇ ಬದಲಿಸಬಹುದು ಅಂತ ಅವನೇ ಹೇಳಿದ. ನೀವು ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲಿ ಬರೆದಿದ್ದರೆ ಐಎಲ್‌ಸ್ಪೈ ಎಂಬ ಉಚಿತ ಟೂಲ್ ಹೆಚ್ಚುಕಡಿಮೆ ಇಡೀ ಕೋಡನ್ನೇ ಬಿಡಿಸಿ ತೋರಿಸುತ್ತದೆ. ಅಬ್‌ಫಸ್ಕೇಟರ್ ಹಾಕಿ ಕೋಡನ್ನು ಕಲಸಿಟ್ಟರೆ ಬಿಡಿಸುವವನಿಗೆ ಜಾಸ್ತಿ ಹೊತ್ತು ಹಿಡಿಯುತ್ತದೆ, ಅಷ್ಟೇ. 1980ರ ದಶಕದಲ್ಲಿ ಕಂಪನಿಗಳು ಫ್ಲಾಪಿಯಲ್ಲಿ ಬೇಕಂತಲೇ ಕೆಟ್ಟ ಸೆಕ್ಟರ್ (ಸರಿಯಾಗಿ ಓದಲಾಗದ ಜಾಗ) ಇಟ್ಟು ಕಾಪಿ ತಡೆಯಲು ನೋಡಿದವು. ಅಂಥ ಫ್ಲಾಪಿಯನ್ನೂ ಕಾಪಿ ಮಾಡುವ ಪ್ರೋಗ್ರಾಂಗಳೇ ಮಾರಾಟಕ್ಕೆ ಬಂದವು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನೋ ಲೆಕ್ಕ.

ಹಾಗಾದರೆ ಏನು ಮಾಡಬೇಕು? ಪ್ರೋಗ್ರಾಂ ಅವರ ಕಂಪ್ಯೂಟರಿಗೆ ಹೋಗದಂತೆಯೇ ನೋಡಿಕೊಳ್ಳಿ. ಲೆಕ್ಕ ಹಾಕುವ ಭಾಗವನ್ನು ಒಂದು ಮಷಿನ್‌ನಲ್ಲಿ ಇಟ್ಟು ಬ್ರೌಸರ್‌ನಲ್ಲಿ ತೆರೆಯುವ ಪುಟ ಮಾಡಿ. ಅವರು ಫೈಲ್ ಹಾಕುತ್ತಾರೆ, ಬಟನ್ ಒತ್ತುತ್ತಾರೆ, ಫಲಿತಾಂಶ ಕಾಣುತ್ತದೆ. ಕೋಡ್ ಅವರ ಹತ್ತಿರ ಸುಳಿಯುವುದೇ ಇಲ್ಲ. ನಾನು ಪೈಥಾನ್‌ನಲ್ಲಿ ವೆಬ್ ಪುಟ ಮಾಡುವ ಫ್ಲಾಸ್ಕ್ ಬಳಸಿ, ಯಾರೂ ಬಳಸದೆ ಮೂಲೆಯಲ್ಲಿದ್ದ ಹಳೇ ಪಿಸಿ ಮೇಲೆ ಓಡಿಸಿದೆ. ಹತ್ತು ಹದಿನೈದು ಜನರಿಗೆ ಅದು ಧಾರಾಳವಾಗಿ ಸಾಕಾಯಿತು. ಡೇಟಾಬೇಸ್ ಪಾಸ್‌ವರ್ಡ್ ಕೂಡ ಅಲ್ಲೇ ಉಳಿಯುತ್ತದೆ. ಒಂದೇ ಎಚ್ಚರಿಕೆ: ಜಾವಾಸ್ಕ್ರಿಪ್ಟ್‌ನಲ್ಲಿ ಬರೆದದ್ದು ಬ್ರೌಸರ್‌ಗೆ ಹೋಗುತ್ತದೆ, ಯಾರು ಬೇಕಾದರೂ ನೋಡಬಹುದು. ಹಾಗಾಗಿ ಮುಖ್ಯ ಲೆಕ್ಕ ಅದರಲ್ಲಿ ಬೇಡ. ಆ ಮಷಿನ್‌ನ ಕೋಡ್ ಫೋಲ್ಡರ್ ಶೇರ್ ಆಗಿಲ್ಲ ಅಂತಲೂ ಒಮ್ಮೆ ನೋಡಿಬಿಡಿ. ನಗಬೇಡಿ, ನಾನು ಮೊದಲ ದಿನ ಅದನ್ನೂ ಮರೆತಿದ್ದೆ.

ಪ್ರೋಗ್ರಾಂ ಬಳಸುವವರು ನೀವೊಬ್ಬರೇ ಆದರೆ ಇಷ್ಟೆಲ್ಲ ಯಾಕೆ, ಶೇರ್ಡ್ ಫೋಲ್ಡರ್‌ನಿಂದ ತೆಗೆದುಬಿಡಿ. ಅಲ್ಲೇ ಬ್ಯಾಕಪ್ ಇಡಬೇಕಿದ್ದರೆ ಸೆವೆನ್‌ಜಿಪ್‌ನ 7ಝಡ್ ಫೈಲಿಗೆ ಉದ್ದದ ಪಾಸ್‌ವರ್ಡ್ ಹಾಕಿ. ಅದು ಎಇಎಸ್-256 ಎಂಬ ಗಟ್ಟಿ ಗೂಢಲಿಪಿ ಬಳಸುತ್ತದೆ. ಫೈಲ್ ಹೆಸರುಗಳನ್ನೂ ಮುಚ್ಚುವ ಟಿಕ್ ಇದೆ, ಅದನ್ನೂ ಹಾಕಿ.

ಪ್ರೋಗ್ರಾಂ ನಿಮ್ಮದೇ ಅಂತ ಖಾತ್ರಿ ಇದೆಯಾ ಅನ್ನುವುದನ್ನೂ ಕೇಳಿಕೊಳ್ಳಿ. ಬರೆದ ಕ್ಷಣದಿಂದಲೇ ಕಾಪಿರೈಟ್ ಹುಟ್ಟುತ್ತದೆ, ನೋಂದಣಿ ಬೇಕಿಲ್ಲ. ಆದರೆ ಕೆಲಸದ ಭಾಗವಾಗಿ ಬರೆದ ಕೋಡ್ ಸಾಮಾನ್ಯವಾಗಿ ಸಂಸ್ಥೆಗೆ ಸೇರುತ್ತದೆ. ಕೆಲಸಕ್ಕೆ ಸೇರುವಾಗ ಸಹಿ ಮಾಡಿದ ಕಾಗದ ತೆಗೆದು ಓದಿ, ಆಮೇಲೆ ಜಗಳಕ್ಕೆ ಇಳಿಯಿರಿ.

ಇನ್ನೊಂದು ವಿಷಯ. ಜನ ಕಾಪಿ ಮಾಡುವುದು ಕದಿಯಲಿಕ್ಕೇ ಅಂದುಕೊಳ್ಳಬೇಡಿ. ನಮ್ಮಲ್ಲಿ ಒಬ್ಬರು ನನ್ನ ಪ್ರೋಗ್ರಾಂ ಅನ್ನು ಡೆಸ್ಕ್‌ಟಾಪ್‌ಗೆ ಹಾಕಿಕೊಂಡಿದ್ದರು. ಕಾರಣ ಕೇಳಿದರೆ, ನೆಟ್‌ವರ್ಕ್‌ನಿಂದ ತೆರೆಯಲು ಹೊತ್ತಾಗುತ್ತದೆ ಅಂದರು. ಅಷ್ಟರಲ್ಲಿ ನಾನು ಪೈಸೆ ರೌಂಡ್ ಮಾಡುವ ತಪ್ಪೊಂದನ್ನು ಸರಿಮಾಡಿದ್ದೆ. ಅವರ ಹಳೇ ಕಾಪಿ ಮಾತ್ರ ತಪ್ಪು ಮೊತ್ತವನ್ನೇ ತೋರಿಸುತ್ತಿತ್ತು, ಬೈಗುಳ ನನಗೆ. ಅದೃಷ್ಟಕ್ಕೆ, ಶುರುವಾಗುವಾಗ ಡೇಟಾಬೇಸ್‌ನಲ್ಲಿರುವ ಆವೃತ್ತಿ ಸಂಖ್ಯೆಗೆ ಹೊಂದದಿದ್ದರೆ ನಿಲ್ಲುವ ನಾಲ್ಕು ಸಾಲು ಮೊದಲೇ ಅದರಲ್ಲಿದ್ದವು, ಸಂಖ್ಯೆ ಏರಿಸುವುದನ್ನು ನಾನೇ ಮರೆತಿದ್ದೆ. ಒಂದು ಸಂಜೆ ಏರಿಸಿ ಮನೆಗೆ ಹೋದೆ. ಮರುದಿನ ಬೆಳಿಗ್ಗೆ ‘ಪ್ರೋಗ್ರಾಂ ತೆರೆಯುತ್ತಿಲ್ಲ’ ಅಂತ ಆರು ಜನ ಫೋನ್ ಮಾಡಿದರು. ಅವರಲ್ಲಿ ಕಾಪಿ ಇದ್ದದ್ದು ನನಗೆ ಗೊತ್ತಿದ್ದವರು ಒಬ್ಬರೇ.