ಹೊಲಿಗೆ ಕಲಿಸಿದೆವು, ಆದರೆ ಒಬ್ಬರೂ ದುಡಿಮೆ ಶುರು ಮಾಡಲಿಲ್ಲ. ಎಲ್ಲಿ ತಪ್ಪಿತು?

ನಿಮ್ಮ ಪ್ರಶ್ನೆ ಓದಿ ಎರಡು ದಿನ ಅದೇ ಗುಂಗಿನಲ್ಲಿದ್ದೆ. ನಿಮ್ಮ ಸಭೆಯ, ಅಂದರೆ ಚರ್ಚಿನ, ಹೆಂಗಸರ ಸಂಘದವರೆಲ್ಲ ಸೇರಿ ಆರು ಹೊಲಿಗೆ ಮಷಿನ್ ತಂದಿರಿ. ಟೀಚರ್ ಇಟ್ಟು ಮೂರು ತಿಂಗಳು ಕಲಿಸಿದಿರಿ. ಹನ್ನೊಂದು ಜನ ಕಲಿತು ಸರ್ಟಿಫಿಕೇಟ್ ತಗೊಂಡರು. ವರ್ಷ ಕಳೆದರೂ ಒಬ್ಬರೂ ಹೊಲಿದು ದುಡಿಯುತ್ತಿಲ್ಲ. ಅಮೆರಿಕದ ಚರ್ಚುಗಳಲ್ಲಿ ಕೆಲಸ ಕಲಿಯಲು ಬರುವ ಒಬ್ಬೊಬ್ಬ ಹೆಣ್ಣುಮಗಳಿಗೂ ಒಬ್ಬ ಮೆಂಟರ್, ಅಂದರೆ ಜೊತೆಗಿದ್ದು ದಾರಿ ತೋರಿಸುವವರು, ಇರುತ್ತಾರಂತೆ, ಅದರಿಂದ ನಿಜಕ್ಕೂ ಉಪಯೋಗ ಇದೆಯಾ, ಇಲ್ಲದಿದ್ದರೆ ಮಷಿನ್ ಮಾರಿಬಿಡೋಣವಾ ಅಂತ ಕೇಳಿದ್ದೀರಿ.

ಉಪಯೋಗ ಇದೆ. ಮಷಿನ್ ಮಾರಬೇಡಿ.

ನಾನು ಮಂಗಳೂರಿನವಳು. ಗಂಡನ ಕೆಲಸದ ಸಲುವಾಗಿ ಆರು ವರ್ಷ ಟೆಕ್ಸಾಸ್‌ನಲ್ಲಿದ್ದೆ. ನನ್ನದು ಎಚ್-4 ವೀಸಾ. ಸಂಬಳದ ಕೆಲಸ ಮಾಡುವ ಹಾಗಿರಲಿಲ್ಲ. ಮನೆಯ ಹತ್ತಿರ ಬ್ಯಾಪ್ಟಿಸ್ಟ್ ಅನ್ನೋ ಕ್ರೈಸ್ತ ಪಂಗಡದ ಚರ್ಚಿನಲ್ಲಿ ಇಂಥ ತರಗತಿ ನಡೆಯುತ್ತಿತ್ತು. ಅಲ್ಲಿ ಮೂರು ಹೆಂಗಸರಿಗೆ, ಒಬ್ಬರಾದ ಮೇಲೆ ಒಬ್ಬರಿಗೆ, ಮೆಂಟರ್ ಆಗಿದ್ದೆ.

ಕಾರ್ಯಕ್ರಮದ ಹೆಸರು ಕ್ರಿಶ್ಚಿಯನ್ ವಿಮೆನ್ಸ್ ಜಾಬ್ ಕೋರ್. 1997ರಲ್ಲಿ ಇದನ್ನು ಶುರು ಮಾಡಿದ್ದು ಬ್ಯಾಪ್ಟಿಸ್ಟ್ ಹೆಂಗಸರದ್ದೇ ಒಂದು ಸಂಘ, ವುಮನ್ಸ್ ಮಿಷನರಿ ಯೂನಿಯನ್. 1888ರಿಂದ ಇರುವ ಸಂಘ ಅದು. ಕಚೇರಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿದೆ. ಆ ಹೊತ್ತಿನಲ್ಲಿ ಅಲ್ಲಿ ಏನಾಗಿತ್ತು ಅಂತ ಗೊತ್ತಿದ್ದರೆ ಈ ಕಾರ್ಯಕ್ರಮ ಅರ್ಥವಾಗುತ್ತದೆ. 1996ರ ಆಗಸ್ಟ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ಒಂದು ಕಾನೂನಿಗೆ ಸಹಿ ಹಾಕಿದರು. ಅಲ್ಲಿಯವರೆಗೆ ಬಡ ತಾಯಂದಿರಿಗೆ ತಿಂಗಳು ತಿಂಗಳು ಸರ್ಕಾರದ ಹಣ ಬರುತ್ತಿತ್ತು. ಹೊಸ ಕಾನೂನು ಬಂದ ಮೇಲೆ ಕೇಂದ್ರದ ಹಣಕ್ಕೆ ಜೀವಮಾನಕ್ಕೆಲ್ಲ ಸೇರಿ 60 ತಿಂಗಳ ಮಿತಿ ಬಿತ್ತು. ಎರಡು ವರ್ಷದೊಳಗೆ ಕೆಲಸಕ್ಕೆ ಸೇರಬೇಕು ಅಂತಲೂ ಆಯಿತು. ಹೈಸ್ಕೂಲು ಮುಗಿಸದ, ಕಂಕುಳಲ್ಲಿ ಕೂಸಿರುವ ಹೆಂಗಸಿಗೆ ಕೆಲಸ ಯಾರು ಕೊಡ್ತಾರೆ? ಆ ಪ್ರಶ್ನೆಗೆ ಚರ್ಚಿನ ಹೆಂಗಸರು ಕೈಲಾದ ಉತ್ತರ ಹುಡುಕಿದರು.

ನಾನಿದ್ದ ಕಡೆ ವಾರಕ್ಕೆ ಮೂರು ಬೆಳಿಗ್ಗೆ ತರಗತಿ. ಮೊದಲು ಸತ್ಯವೇದದ, ಅಂದರೆ ಬೈಬಲಿನ, ಪಾಠ. ಆಮೇಲೆ ಕಂಪ್ಯೂಟರ್, ಅರ್ಜಿ ಬರೆಯುವುದು, ಸಂದರ್ಶನದ ಅಭ್ಯಾಸ, ಮನೆಯ ಲೆಕ್ಕ. ಓದು ಬಿಟ್ಟವರಿಗೆ ಜಿಇಡಿ ಪರೀಕ್ಷೆಗೆ ಪಾಠ. ಹೈಸ್ಕೂಲು ಪಾಸಾದಷ್ಟೇ ಬೆಲೆಯಿರುವ ಪರೀಕ್ಷೆ ಅದು. ಗಣಿತ, ಇಂಗ್ಲಿಷ್, ವಿಜ್ಞಾನ, ಸಮಾಜ ಅಂತ ನಾಲ್ಕು ವಿಷಯ. ಮಕ್ಕಳನ್ನು ನೋಡಿಕೊಳ್ಳಲು ಪಕ್ಕದ ಕೋಣೆಯಲ್ಲಿ ಇಬ್ಬರು ಅಜ್ಜಿಯರು. ಮಧ್ಯಾಹ್ನಕ್ಕೆ ಊಟ. ಇದೆಲ್ಲ ಎಲ್ಲರ ಕಣ್ಣಿಗೆ ಕಾಣುವ ಭಾಗ. ಮೆಂಟರ್ ಕೆಲಸ ಇದರ ಆಚೆಗೆ. ವಾರಕ್ಕೊಮ್ಮೆ ಒಂದು ಗಂಟೆ ಅವಳ ಜೊತೆ ಕೂರುವುದು, ಅಷ್ಟೇ.

ನನ್ನ ಪಾಲಿಗೆ ಬಂದ ಮೊದಲ ಹೆಂಗಸಿಗೆ ಇಬ್ಬರು ಮಕ್ಕಳು. ಹತ್ತನೇ ತರಗತಿಗೇ ಓದು ಬಿಟ್ಟವಳು. ಎರಡನೇ ವಾರ ಒಂದು ಪ್ಲಾಸ್ಟಿಕ್ ಚೀಲ ತಂದು ಮೇಜಿನ ಮೇಲಿಟ್ಟಳು. ಅದರ ತುಂಬ ಒಡೆಯದ ಲಕೋಟೆಗಳು. ಕರೆಂಟ್ ಬಿಲ್ಲು, ಟ್ರಾಫಿಕ್ ದಂಡ, ಸರ್ಕಾರಿ ಕಚೇರಿಯ ಪತ್ರಗಳು. ತಿಂಗಳುಗಟ್ಟಲೆ ಒಂದನ್ನೂ ತೆರೆದಿರಲಿಲ್ಲ. ಯಾಕೆ ಅಂದೆ. ಒಳಗೆ ಒಳ್ಳೆಯದೇನೂ ಇರಲ್ಲ ಅಂತ ಗೊತ್ತು ಅಂದಳು. ಒಂದೊಂದಾಗಿ ಒಡೆಯುತ್ತಾ ಹೋದೆವು. ಮಕ್ಕಳ ಊಟಕ್ಕೆ ಸಿಗುತ್ತಿದ್ದ ಫುಡ್ ಸ್ಟ್ಯಾಂಪ್ ನವೀಕರಿಸುವ ಅರ್ಜಿ ಅದರಲ್ಲಿತ್ತು. ಕೊನೆಯ ದಿನಕ್ಕೆ ನಾಲ್ಕೇ ದಿನ ಬಾಕಿ! ಮರುದಿನವೇ ಇಬ್ಬರೂ ಹೋಗಿ ಕೊಟ್ಟು ಬಂದೆವು. ಯಾವ ತರಗತಿಯಲ್ಲೂ ಈ ಪಾಠ ಇರಲ್ಲ, ಅಲ್ವಾ?

ಗಣಿತದಲ್ಲಿ ಮೊದಲ ಸಲ ಫೇಲಾದಳು. ಎರಡನೇ ಸಲ ಪಾಸಾದಳು. ಆಮೇಲೆ ನರ್ಸ್ ಏಡ್ ಕೋರ್ಸ್ ಮಾಡಿದಳು. ಅಂದರೆ ವೃದ್ಧಾಶ್ರಮ, ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಮಗ್ಗುಲು ಬದಲಿಸುವುದು. ಇದಕ್ಕೆ ಕಡಿಮೆಯೆಂದರೂ 75 ಗಂಟೆ ತರಬೇತಿ ಬೇಕು ಅಂತ ಅಮೆರಿಕದ ಕೇಂದ್ರ ಸರ್ಕಾರದ ಕಾನೂನಿದೆ. ಕೆಲಸವೂ ಸಿಕ್ಕಿತು. ಮೂರನೇ ವಾರದಲ್ಲಿ ಚಿಕ್ಕ ಮಗುವಿಗೆ ಜ್ವರ. ಒಂದು ದಿನ ಹೋಗಲಿಲ್ಲ. ಹೇಗೂ ತೆಗೆದುಹಾಕುತ್ತಾರೆ ಅಂತ ಮರುದಿನವೂ ಹೋಗಲಿಲ್ಲ. ರಾತ್ರಿ ಒಂಬತ್ತಕ್ಕೆ ನನಗೆ ಫೋನ್ ಮಾಡಿ ಅತ್ತಳು. ಪಾಳಿ ಶುರುವಾಗುವ ಮುಂಚೆ ಮೇಲಿನವರಿಗೆ ಫೋನ್ ಮಾಡಿ ಹೇಳಬಹುದು ಅನ್ನೋದೇ ಅವಳಿಗೆ ಗೊತ್ತಿರಲಿಲ್ಲ. ಅವಳ ಮನೆಯಲ್ಲಿ ಅಂಥ ಕೆಲಸಕ್ಕೆ ಹೋದವರೇ ಇರಲಿಲ್ಲ, ಯಾರು ಹೇಳಿಕೊಡಬೇಕು? ಏನು ಹೇಳಬೇಕು ಅಂತ ಫೋನಿನಲ್ಲೇ ನಾಲ್ಕು ಸಲ ಹೇಳಿಸಿದೆ. ಬೆಳಿಗ್ಗೆ ಎದ್ದು ಫೋನ್ ಮಾಡಿದಳು. ಕೆಲಸ ಉಳಿಯಿತು.

ನಿಮ್ಮ ಹನ್ನೊಂದು ಜನರಿಗೆ ಹೊಲಿಗೆ ಬರುತ್ತದೆ. ಹೊಲಿಗೆ ಕಲಿತದ್ದು ಮತ್ತು ಕೈಗೆ ದುಡ್ಡು ಬರುವುದು, ಇವೆರಡರ ನಡುವೆ ಇಂಥ ಇಪ್ಪತ್ತು ಸಣ್ಣ ಸಣ್ಣ ತೊಡಕು ಇರುತ್ತವೆ. ನಮಗೆ ಅವು ತೊಡಕು ಅಂತಲೇ ಅನಿಸಲ್ಲ. ಅವರಿಗೆ ಅಲ್ಲೇ ದಾರಿ ಮುಗಿದುಹೋಗುತ್ತದೆ. ಆ ಹೊತ್ತಿನಲ್ಲಿ ಫೋನ್ ಮಾಡಲು ಒಬ್ಬರು ಇರಬೇಕು.

ಮೆಂಟರ್ ಆದವರು ಮಾಡಬಾರದ್ದೂ ಒಂದಿದೆ. ಅದನ್ನು ನಾನು ಮಾಡಿ ಕಲಿತೆ. ಅವಳ ಕರೆಂಟ್ ಬಿಲ್ ಬಾಕಿ ಇದೆ ಅಂತ ಗೊತ್ತಾಗಿ ಒಮ್ಮೆ ಯಾರಿಗೂ ಹೇಳದೆ ನಾನೇ ಕಟ್ಟಿಬಿಟ್ಟೆ. ಆಮೇಲೆ ಮೂರು ವಾರ ಅವಳು ನನ್ನನ್ನು ಭೇಟಿಯಾಗಲೇ ಇಲ್ಲ. ಸಾಲ ಕೊಟ್ಟವರ ಎದುರು ಯಾರು ಮನಸ್ಸು ಬಿಚ್ಚಿ ಮಾತಾಡ್ತಾರೆ? ಹಣದ ಸಹಾಯ ಬೇಕಾದರೆ ಅದು ಚರ್ಚಿನ ನಿಧಿಯಿಂದ, ಬೇರೆಯವರ ಕೈಯಿಂದ ಹೋಗಬೇಕು. ಹೆಗಲಿಗೆ ಕೈ ಹಾಕುವ ಜನ ಬೇರೆ, ಹಣ ಕೊಡುವ ಜನ ಬೇರೆ. ಇದನ್ನು ನೀವು ಮೊದಲ ದಿನದಿಂದಲೇ ಪಾಲಿಸಿ.

ಮೂವರೂ ಗೆದ್ದರು ಅಂತ ಸುಳ್ಳು ಹೇಳಲ್ಲ. ಎರಡನೆಯವಳು ನಡುವೆಯೇ ಬಿಟ್ಟುಹೋದಳು. ನನಗೆ ಇವತ್ತಿಗೂ ಅವಳ ನೆನಪಾಗುತ್ತದೆ, ಪ್ರಾರ್ಥನೆಯಲ್ಲಿ ಅವಳ ಹೆಸರು ಹೇಳುತ್ತೇನೆ.

ಇನ್ನು ನೀವು ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ. ಕಲಿಯಲು ಬಂದವರಲ್ಲಿ ಹಿಂದೂಗಳೂ ಮುಸ್ಲಿಮರೂ ಇದ್ದಾರೆ, ತರಗತಿಯಲ್ಲಿ ಪ್ರಾರ್ಥನೆ ಇಡಬಹುದಾ ಅಂತ. ಇದು ಸಣ್ಣ ಪ್ರಶ್ನೆಯಲ್ಲ. ಅಮೆರಿಕದ ಆ 1996ರ ಕಾನೂನಿನಲ್ಲೇ ಇದರ ಬಗ್ಗೆ ಒಂದು ಕಲಂ ಇದೆ. ಚರ್ಚು ಸರ್ಕಾರದ ಹಣ ತಗೊಂಡು ತರಬೇತಿ ಕೊಡಬಹುದು. ಆದರೆ ನೇರವಾಗಿ ಪಡೆದ ಆ ಹಣವನ್ನು ಆರಾಧನೆಗೆ, ಧರ್ಮಪ್ರಚಾರಕ್ಕೆ ಬಳಸುವ ಹಾಗಿಲ್ಲ. ಬೇರೆ ನಂಬಿಕೆಯವರು ಅಂತ ಯಾರನ್ನೂ ವಾಪಸ್ ಕಳಿಸುವ ಹಾಗೂ ಇಲ್ಲ. ನಮ್ಮ ತರಗತಿ ಸರ್ಕಾರದ ಹಣ ತಗೊಂಡಿರಲಿಲ್ಲ. ಸತ್ಯವೇದದ ಪಾಠ ಇರುತ್ತದೆ ಅಂತ ಮೊದಲೇ ಹೇಳುತ್ತಿದ್ದರು.

ನಮ್ಮ ಊರಿನ ಕಥೆ ಬೇರೆ. ನನ್ನ ಮುತ್ತಜ್ಜಿ ಬಾಸೆಲ್ ಮಿಷನ್ ಅನ್ನೋ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯ ಹೆಂಚಿನ ಕಾರ್ಖಾನೆಯಲ್ಲಿ ದುಡಿದವಳು. ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಕ್ರೈಸ್ತರಾದವರನ್ನು ಮನೆಯವರು, ಜಾತಿಯವರು ಹೊರಗಿಟ್ಟರು. ಅವರ ಹೊಟ್ಟೆಪಾಡಿಗೆ ಅಂತ ಮಿಷನ್ ನೇಯ್ಗೆ ಕಲಿಸಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿತು. ಆ ಅನ್ನ ತಿಂದ ಮನೆ ನಮ್ಮದು, ಅದರ ಋಣ ನನಗಿದೆ. ಆದರೆ ಕೆಲಸ, ಸಭೆ ಎಲ್ಲ ಒಂದೇ ಕೈಯಲ್ಲಿದ್ದರೆ ಆ ಕೈಗೆ ಎದುರು ಮಾತಾಡುವುದು ಬಡವರಿಗೆ ಬಹಳ ಕಷ್ಟ.

ಪಂಡಿತಾ ರಮಾಬಾಯಿಯವರನ್ನೂ ನೆನೆಯಬೇಕು. ಕಾರ್ಕಳದ ಹತ್ತಿರದ ಘಟ್ಟದಲ್ಲಿ 1858ರಲ್ಲಿ ಹುಟ್ಟಿದವರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಆಮೇಲೆ ಅದು ಪುಣೆಗೆ ಹೋಯಿತು. ಅಲ್ಲಿ ಹುಡುಗಿಯರನ್ನು ಮತಾಂತರಕ್ಕೆ ಎಳೆಯುತ್ತಿದ್ದಾರೆ ಅನ್ನೋ ಮಾತೆದ್ದು 1893ರಲ್ಲಿ ಎಷ್ಟೋ ಹಿಂದೂ ಮನೆಗಳವರು ತಮ್ಮ ಹೆಣ್ಣುಮಕ್ಕಳನ್ನು ವಾಪಸ್ ಕರೆದುಕೊಂಡು ಹೋದರು. ಮುಂದೆ ಕೇಡಗಾಂವ್‌ನ ಮುಕ್ತಿ ಮಿಷನ್ನಿನಲ್ಲಿ ಬರಗಾಲದಲ್ಲಿ ನೊಂದ ನೂರಾರು ಹುಡುಗಿಯರಿಗೆ ಅವರು ಓದು ಕಲಿಸಿದರು, ನೇಯ್ಗೆ ಕಲಿಸಿದರು, ಅಚ್ಚುಕೂಟದ ಕೆಲಸವನ್ನೂ ಕಲಿಸಿದರು. ಅಷ್ಟು ದೊಡ್ಡ ಮನಸ್ಸಿನವರ ಕೆಲಸಕ್ಕೂ ಒಂದು ಅನುಮಾನದಿಂದ ಅಷ್ಟು ಪೆಟ್ಟು ಬಿತ್ತು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ತರಗತಿಯೊಳಗೆ ಪ್ರಾರ್ಥನೆ ಬೇಡ. ಇಷ್ಟ ಇರುವವರಿಗೆ ಬೇರೆ ದಿನ, ಬೇರೆ ಹೊತ್ತಿನಲ್ಲಿ ಇಡಿ. ಬಂದವರಿಗೂ ಬಾರದವರಿಗೂ ಮಷಿನ್ ಒಂದೇ ಥರ ಸಿಗಬೇಕು. ನಾವು ಯೇಸುವಿನ ಹೆಸರಿನಲ್ಲಿ ಇದನ್ನು ಮಾಡುತ್ತಿದ್ದೇವೆ ಅಂತ ಮುಚ್ಚಿಡುವುದೂ ಬೇಡ. ಒಬ್ಬಳು ಅತ್ತುಕೊಂಡು ನನಗಾಗಿ ಪ್ರಾರ್ಥನೆ ಮಾಡ್ತೀರಾ ಅಂದರೆ ಮಾಡಿ. ಅವಳು ಕೇಳಿದಾಗ ಮಾತ್ರ.

ಇನ್ನೊಂದು ವಿಷಯ. ನೋಡಿ ಕಲಿಯಲು ಅಮೆರಿಕದವರೆಗೆ ಹೋಗಬೇಕಿಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದವರು ಎರಡು ಬ್ಯಾಂಕುಗಳ ಜೊತೆ ಸೇರಿ ರುಡ್‌ಸೆಟ್ ಅಂತ, ಹಳ್ಳಿಯ ಯುವಜನರಿಗೆ ಸ್ವಂತ ದುಡಿಮೆ ಕಲಿಸುವ ಸಂಸ್ಥೆ ಶುರುಮಾಡಿದರು. ಅದನ್ನೇ ಮಾದರಿಯಾಗಿ ಇಟ್ಟುಕೊಂಡು ಈಗ ದೇಶದ ಜಿಲ್ಲೆಜಿಲ್ಲೆಗಳಲ್ಲಿ ಆರ್‌ಸೆಟಿ ಕೇಂದ್ರಗಳಿವೆ. ಅಲ್ಲಿ ಊಟ, ವಸತಿ, ತರಬೇತಿ ಎಲ್ಲ ಉಚಿತ. ತರಬೇತಿ ಮುಗಿದ ಮೇಲೂ ಎರಡು ವರ್ಷ ವಿಚಾರಿಸುತ್ತಾರೆ, ಬ್ಯಾಂಕ್ ಸಾಲಕ್ಕೂ ದಾರಿ ತೋರಿಸುತ್ತಾರೆ. ನಿಮ್ಮ ಮೂರು ತಿಂಗಳ ತರಗತಿಗೆ ಕೊರತೆಯಾಗಿದ್ದು ಆ ಎರಡು ವರ್ಷ. ನಿಮ್ಮ ಜಿಲ್ಲೆಯ ಕೇಂದ್ರಕ್ಕೆ ಸಂಘದ ಇಬ್ಬರು ಒಮ್ಮೆ ಹೋಗಿ ಮಾತಾಡಿ ಬನ್ನಿ.

ಈಗ ಆ ಹನ್ನೊಂದು ಜನರ ವಿಷಯ. ಹೊಸ ಬ್ಯಾಚ್ ಬೇಡ. ಮೊದಲು ಅವರ ಮನೆಗಳಿಗೆ ಹೋಗಿ. ಯಾಕೆ ಹೊಲಿಯುತ್ತಿಲ್ಲ ಅಂತ ನೇರವಾಗಿ ಕೇಳಬೇಡಿ, ಬೈದ ಹಾಗಿರುತ್ತದೆ. ಟೀ ಕುಡಿಯುತ್ತಾ ಕೂತರೆ ತಾವಾಗೇ ಹೇಳುತ್ತಾರೆ. ಒಬ್ಬಳಿಗೆ ಮನೆಯಲ್ಲಿ ಮಷಿನ್ ಇರಲ್ಲ, ಇನ್ನೊಬ್ಬಳ ಗಂಡ ಒಪ್ಪಿರಲ್ಲ. ಹೆಚ್ಚಿನವರಿಗೆ ಒಂದೇ ಭಯ ಇರುತ್ತದೆ ಅಂತ ನನ್ನ ಅಂದಾಜು: ಗಿರಾಕಿಯ ಒಳ್ಳೆಯ ಬಟ್ಟೆ ಕತ್ತರಿಸುವಾಗ ತಪ್ಪಾದರೆ ದುಡ್ಡು ಎಲ್ಲಿಂದ ಕೊಡೋದು? ಹಳೇ ಬಟ್ಟೆಯ ಮೇಲೆ ಕಟಿಂಗ್ ಕಲಿತವರಿಗೆ ಹೊಸ ಬ್ಲೌಸ್ ಪೀಸ್ ಮುಟ್ಟಲು ಕೈ ನಡುಗುತ್ತದೆ.

ಹಾಗಾಗಿ ಮೊದಲ ಗಿರಾಕಿ ನೀವೇ ಆಗಿ. ಸಂಘದ ಹನ್ನೊಂದು ಹೆಂಗಸರು ಒಬ್ಬೊಬ್ಬರಿಗೆ ಜೊತೆಗಾರ್ತಿಯಾಗಲಿ. ಶುರುವಿಗೆ ಸೀರೆಗೆ ಫಾಲ್ ಹಚ್ಚಲು, ಪಿಕೊ ಮಾಡಲು ಕೊಡಲಿ. ಆಮೇಲೆ ತಮ್ಮದೇ ಒಂದು ಬ್ಲೌಸ್ ಪೀಸ್, ಜೊತೆಗೆ ಅಳತೆ ಬ್ಲೌಸ್. ಕೂಲಿ ಪೇಟೆಯಲ್ಲಿ ಎಷ್ಟಿದೆಯೋ ಅಷ್ಟೇ ಪೂರ್ತಿ ಕೊಡಬೇಕು, ಕಮ್ಮಿಯೂ ಬೇಡ, ಕನಿಕರಕ್ಕೆ ಜಾಸ್ತಿಯೂ ಬೇಡ. ತೋಳಿನ ಹತ್ತಿರ ಬಿಗಿಯಾದರೆ ಪರವಾಗಿಲ್ಲ ಅಂತ ಸುಮ್ನೆ ಮನೆಗೆ ತಗೊಂಡು ಹೋಗಬೇಡಿ. ಅವಳೆದುರೇ ಹಾಕಿಕೊಂಡು ಎಲ್ಲಿ ಎಳೆಯುತ್ತಿದೆ ತೋರಿಸಿ. ಬಿಚ್ಚಿ ಮತ್ತೆ ಹೊಲಿಯಲಿ. ಅದು ಸರಿಯಾದ ಮೇಲೆ ಭಾನುವಾರ ಅದನ್ನೇ ತೊಟ್ಟುಕೊಂಡು ಚರ್ಚಿಗೆ ಬನ್ನಿ. ಯಾರು ಹೊಲಿದದ್ದು ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅವಳ ಫೋನ್ ನಂಬರ್ ನಿಮ್ಮ ಹತ್ತಿರ ಇರಲಿ.