ವಿದೇಶಿ ಕಂಪನಿಯಲ್ಲಿ ಇಂಟರ್ನ್‌ಶಿಪ್: ಏನು ಕೆಲಸ ಕೊಡ್ತಾರೆ?

ಪ್ರಶ್ನೆ: ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ, ಕಂಪ್ಯೂಟರ್ ಸೈನ್ಸ್, ಆರನೇ ಸೆಮಿಸ್ಟರ್. ಜರ್ಮನಿ ಮೂಲದ ಕಂಪನಿಯೊಂದರ ಬೆಂಗಳೂರು ಕಚೇರಿಯಲ್ಲಿ ಜೂನ್‌ನಿಂದ ಇಂಟರ್ನ್‌ಶಿಪ್ ಸಿಕ್ಕಿದೆ. "ಸುಮ್ಮನೆ ಕೂರಿಸ್ತಾರೆ, ಅಸಲಿ ಕೆಲಸ ಎಲ್ಲ ಜರ್ಮನಿಯಲ್ಲೇ" ಎಂದು ಸೀನಿಯರ್ ಒಬ್ಬರು ಹೆದರಿಸಿದ್ದಾರೆ. ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು, ಇಂಗ್ಲಿಷ್ ಎಂದರೆ ಅಳುಕು. ಕೊನೆಗೆ ಅಲ್ಲೇ ಕೆಲಸ ಸಿಗಬಹುದೇ?
– ಹೆಸರು ಬೇಡ, ತೀರ್ಥಹಳ್ಳಿ

ಉತ್ತರ: ನಿಮ್ಮ ಸೀನಿಯರ್ ಮಾತು ಮೊದಲ ವಾರದ ಮಟ್ಟಿಗೆ ನಿಜ. ಲ್ಯಾಪ್‌ಟಾಪ್ ಕೊಡುತ್ತಾರೆ, ಕೊರಳಿಗೆ ಐಡಿ ಕಾರ್ಡ್ ಬರುತ್ತದೆ, ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಆದರೆ ಕೋಡ್ ನೋಡಲು ಆಕ್ಸೆಸ್ ಬೇಕು. ಅದಕ್ಕೆ ಮ್ಯಾನೇಜರ್ ಒಪ್ಪಬೇಕು, ಅವರ ಮೇಲೆ ಇನ್ನೊಬ್ಬರು ಒಪ್ಪಬೇಕು, ಆ ಇನ್ನೊಬ್ಬರು ರಜೆಯ ಮೇಲೆ ಇರುತ್ತಾರೆ. ಎಲ್ಲರಿಗೂ ಇದೇ ಪಾಡು. ಆ ದಿನಗಳಲ್ಲಿ ತಂಡದ ಹಳೆಯ ದಾಖಲೆಗಳನ್ನು ಓದಿ, ಅರ್ಥವಾಗದ ಸಂಕ್ಷೇಪಾಕ್ಷರಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ದೊಡ್ಡ ಕಂಪನಿಗಳಲ್ಲಿ ಅರ್ಧ ಮಾತುಕತೆ ನಡೆಯುವುದು ಮೂರಕ್ಷರದ ಪದಗಳಲ್ಲೇ.

ಅಸಲಿ ಕೆಲಸ ಅಲ್ಲೇ ಎನ್ನುವುದು ಮಾತ್ರ ತೀರಾ ಹಳೆಯ ಮಾತು. ಅಮೆರಿಕದ ಚಿಪ್ ಕಂಪನಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆದದ್ದು 1985ರಲ್ಲಿ. ಆಮೇಲೆ ಬಂದವರಲ್ಲಿ ಎಷ್ಟೋ ಕಂಪನಿಗಳು ವಿನ್ಯಾಸ, ಪರೀಕ್ಷೆ, ನಿರ್ವಹಣೆ ಎಲ್ಲವನ್ನೂ ಇಲ್ಲಿಂದಲೇ ಮಾಡುತ್ತವೆ. ಇಂಟರ್ನ್‌ಗೆ ಸಾಮಾನ್ಯವಾಗಿ ಸಿಗುವುದು ತಂಡಕ್ಕೆ ಬೇಕಿದ್ದು ಯಾರಿಗೂ ಪುರಸೊತ್ತಾಗದೆ ಉಳಿದ ಕೆಲಸ. ಕೈಯಲ್ಲಿ ಮಾಡುತ್ತಿದ್ದ ಪರೀಕ್ಷೆಗಳನ್ನು ತಾನಾಗಿ ಓಡುವಂತೆ ಮಾಡುವುದು, ರಾಶಿ ಬಿದ್ದ ಲಾಗ್‌ಗಳಿಂದ (ಪ್ರೋಗ್ರಾಂ ಓಡುವಾಗ ಬರೆದಿಡುವ ದಾಖಲೆ) ದೋಷ ಹುಡುಕುವ ಸಣ್ಣ ಟೂಲ್ ಬರೆಯುವುದು, ಅಂಕಿಅಂಶವನ್ನು ಒಂದೇ ಪರದೆಯಲ್ಲಿ ತೋರಿಸುವ ಡ್ಯಾಶ್‌ಬೋರ್ಡ್ ಕಟ್ಟುವುದು, ಹೀಗೆ. ನೀವು ಹೊರಟ ಮಾರನೇ ದಿನ ಯಾವುದೂ ನಿಂತುಹೋಗಬಾರದಲ್ಲ, ಹಾಗಾಗಿ ಗಿರಾಕಿಗೆ ನೇರವಾಗಿ ಹೋಗುವ ತುರ್ತಿನ ಕೆಲಸ ಕೈಗೆ ಕೊಡುವುದು ಕಡಿಮೆ. ಅದನ್ನು ಅವಮಾನ ಅಂದುಕೊಳ್ಳಬೇಡಿ.

ಬರೆದ ಕೋಡ್ ರಿವ್ಯೂಗೆ, ಅಂದರೆ ತಂಡದವರ ಪರಿಶೀಲನೆಗೆ ಹೋದಾಗ ಮೊದಲ ಪೆಟ್ಟು ಬೀಳುತ್ತದೆ. ಇಪ್ಪತ್ತು ಸಾಲಿಗೆ ಒಂದು ಪುಟ ಟಿಪ್ಪಣಿ: ಈ ಹೆಸರು ಏನನ್ನೂ ಹೇಳುತ್ತಿಲ್ಲ, ಇದಕ್ಕೆ ಟೆಸ್ಟ್ ಎಲ್ಲಿ, ಫೈಲ್ ಖಾಲಿ ಬಂದರೆ ಏನಾಗುತ್ತದೆ. ಕಾಲೇಜಿನ ಲ್ಯಾಬ್‌ನಲ್ಲಿ ಔಟ್‌ಪುಟ್ ಬಂದರೆ ಮುಗಿಯಿತು, ರೆಕಾರ್ಡ್‌ಗೆ ಸಹಿ ಬೀಳುತ್ತದೆ. ಇಲ್ಲಿ ಔಟ್‌ಪುಟ್ ಬಂದ ಮೇಲೆಯೇ ಕೆಲಸ ಶುರು. ಹತ್ತು ವರ್ಷ ಸರ್ವೀಸ್ ಆದವರ ಕೋಡಿಗೂ ಇಂಥದೇ ಟಿಪ್ಪಣಿ ಬೀಳುತ್ತದೆ, ನೋಡಿ ಬೇಕಾದರೆ.

ಇನ್ನು ಇಂಗ್ಲಿಷ್. ಜರ್ಮನಿಯವರಿಗೂ ಅದು ಕಲಿತ ಭಾಷೆಯೇ, ಅವರೂ ತಡವರಿಸುತ್ತಾರೆ. ಅಲ್ಲಿನ ಬೇಸಿಗೆಯಲ್ಲಿ ಅವರ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ ಇರುತ್ತದೆ. ಹಾಗಾಗಿ ಅವರ ಜೊತೆಗಿನ ಮೀಟಿಂಗೆಲ್ಲ ನಮ್ಮ ಮಧ್ಯಾಹ್ನದ ಊಟದ ನಂತರವೇ. ಅಮೆರಿಕದ ತಂಡವಾಗಿದ್ದರೆ ರಾತ್ರಿ ಕೂರಬೇಕಾಗುತ್ತಿತ್ತು. ಉಳಿದ ಮಾತುಕತೆ ಹೆಚ್ಚಾಗಿ ಚಾಟ್‌ನಲ್ಲಿ, ಬರವಣಿಗೆಯಲ್ಲಿ. ಸಣ್ಣ ಸಣ್ಣ ವಾಕ್ಯ ಬರೆಯಲು ಬಂದರೆ ಧಾರಾಳ ಸಾಕು.

ನನ್ನ ಚಿಂತೆ ನಿಮ್ಮ ಇಂಗ್ಲಿಷಿನ ಬಗ್ಗೆ ಅಲ್ಲ, ನಮ್ಮ ಮಲೆನಾಡಿನ ಸಂಕೋಚದ ಬಗ್ಗೆ. ಹಸಿವಿದ್ದರೂ ಪಂಕ್ತಿಯಲ್ಲಿ "ಸಾಕು ಸಾಕು" ಎಂದು ಎಲೆಗೆ ಕೈ ಅಡ್ಡ ಹಿಡಿಯುವ ಜನ ನಾವು. ಹಿರಿಯರು ಬ್ಯುಸಿ ಇದ್ದಾರೆ, ತೊಂದರೆ ಕೊಡುವುದು ಬೇಡ ಎಂದು ನಾಲ್ಕು ದಿನ ಒಂದೇ ಎರರ್ ಎದುರು ಕೂತಿರುತ್ತೇವೆ. ನಮ್ಮ ಕಡೆಯಿಂದ ಬಂದ ಹುಡುಗ ಹುಡುಗಿಯರಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಊರಲ್ಲಿ ಅದು ಮರ್ಯಾದೆ. ಕಚೇರಿಯಲ್ಲಿ ನಿಮಗೆ ದಾರಿ ತೋರಿಸುವ ಮೆಂಟರ್‌ಗೆ ಕಾಣುವುದು "ಇವಳಿಗೆ ಆಸಕ್ತಿಯಿಲ್ಲ" ಎಂದು. ಅರ್ಧ ದಿನ ಒದ್ದಾಡಿದ ಮೇಲೂ ಆಗದಿದ್ದರೆ ಕೇಳಿಬಿಡಿ. "ಬರ್ತಿಲ್ಲ ಸರ್" ಎಂದಷ್ಟೇ ಕೇಳಿದರೆ ಉಪಯೋಗವಿಲ್ಲ. ಹೀಗೆ ಬರೆಯಿರಿ: "ಈ ಕಮಾಂಡ್ ಕೊಟ್ಟೆ, ರಿಪೋರ್ಟ್ ಬರಬೇಕಿತ್ತು, ಈ ಎರರ್ ಬಂತು. ಪಾತ್ ಸರಿಯಿದೆ, ಪರ್ಮಿಷನ್ ನೋಡಿದೆ. ಇನ್ನೇನು ನೋಡಲಿ?" ಇಷ್ಟಿದ್ದರೆ ಎರಡು ನಿಮಿಷದಲ್ಲಿ ಉತ್ತರ ಬರುತ್ತದೆ. ಎಷ್ಟೋ ಸಲ ಬರೆಯುತ್ತಿರುವಾಗಲೇ ಉತ್ತರ ನಿಮಗೇ ಹೊಳೆಯುತ್ತದೆ.

ಕೆಲಸದ ಬಗ್ಗೆ ಕೇಳಿದ್ದೀರಿ. ಮಧ್ಯದಲ್ಲೊಮ್ಮೆ, ಕೊನೆಗೊಮ್ಮೆ ಮೌಲ್ಯಮಾಪನ ಇರುವುದು ರೂಢಿ. ಕೊನೆಯ ವಾರ ಮಾಡಿದ್ದನ್ನು ತಂಡದ ಎದುರು ತೋರಿಸಬೇಕು. ಚೆನ್ನಾಗಿ ಮಾಡಿದವರಿಗೆ ಪಿಪಿಒ, ಅಂದರೆ ಓದು ಮುಗಿಯುವ ಮೊದಲೇ ಕೆಲಸದ ಆಫರ್ ಸಿಗುವುದುಂಟು. ಆದರೆ ಆ ವರ್ಷ ಎಷ್ಟು ಹುದ್ದೆ ಎನ್ನುವುದನ್ನು ನಿಮ್ಮ ಮ್ಯಾನೇಜರ್ ಒಬ್ಬರೇ ತೀರ್ಮಾನಿಸುವುದಿಲ್ಲ. ಆಫರ್ ಪತ್ರ ಕೈಗೆ ಬರುವವರೆಗೂ ಕ್ಯಾಂಪಸ್ ಪ್ಲೇಸ್‌ಮೆಂಟ್ ಪಟ್ಟಿಯಿಂದ ಹೆಸರು ತೆಗೆಸಬೇಡಿ.

ಕಾಲೇಜಿನವರು ಹೇಳದೇ ಬಿಡುವ ಒಂದು ವಿಷಯವಿದೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕ್ರೆಡಿಟ್‌ಗಾಗಿ ನೀವು ವರದಿ ಕೊಡಬೇಕು, ಇತ್ತ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಮಾಡಿರುತ್ತೀರಿ. ವರದಿಯನ್ನು ಮ್ಯಾನೇಜರ್‌ಗೆ ತೋರಿಸಿ, ಒಪ್ಪಿಗೆ ಪಡೆದು ಆಮೇಲೆ ಕಾಲೇಜಿಗೆ ಕೊಡಿ. ಕಂಪನಿಯ ಕೋಡನ್ನು ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳುವುದು, ಹೊರಗಿನ ಎಐ ಚಾಟ್‌ಗೆ ಹಾಕಿ ಕೇಳುವುದು ಬೇಡವೇ ಬೇಡ, ಇಂಟರ್ನ್‌ಶಿಪ್ ಅಲ್ಲಿಗೇ ಮುಗಿಯಬಹುದು.

ಮನೆಯಿಂದ ಕೆಲಸ ಮಾಡಲು ಬಿಟ್ಟರೂ ಜೂನ್‌ನಲ್ಲಿ ಊರಿಗೆ ಹೋಗಿ ಕೂರಬೇಡಿ. ಮಳೆ ಹಿಡಿದರೆ ಕರೆಂಟ್, ನೆಟ್‌ವರ್ಕ್ ಎರಡೂ ಕೈಕೊಡುವುದು ನಿಮಗೇ ಗೊತ್ತು. ಸ್ಟೈಪೆಂಡ್ ಬರುವುದು ತಿಂಗಳ ಕೊನೆಗೆ, ಪಿಜಿಯವರು ಅಡ್ವಾನ್ಸ್ ಕೇಳುವುದು ಮೊದಲ ದಿನವೇ. ಅಪ್ಪನ ಹತ್ತಿರ ಈಗಲೇ ಹೇಳಿಟ್ಟಿರಿ.

ಪ್ರಶ್ನೆ: ಮಗನಿಗೆ ವಾಟ್ಸ್ಆ್ಯಪ್‌ನಲ್ಲಿ ಅಮೆರಿಕದ ದೊಡ್ಡ ಕಂಪನಿಯ ಹೆಸರಲ್ಲಿ ಇಂಟರ್ನ್‌ಶಿಪ್ ಆಫರ್ ಬಂದಿದೆ. ತರಬೇತಿ ಶುಲ್ಕ 12,000 ರೂಪಾಯಿ ಕಟ್ಟಬೇಕಂತೆ. ಕಟ್ಟಲೇ?
– ಅಡಿಕೆ ಬೆಳೆಗಾರ, ಸಾಗರ

ಉತ್ತರ: ಕಟ್ಟಬೇಡಿ. ಅಂಥ ಕಂಪನಿಗಳು ಇಂಟರ್ನ್‌ಗೆ ದುಡ್ಡು ಕೊಡುತ್ತವೆಯೇ ಹೊರತು ಇಸಿದುಕೊಳ್ಳುವುದಿಲ್ಲ. ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ಆ ಇಂಟರ್ನ್‌ಶಿಪ್ ಇದೆಯೇ, ಮೇಲ್ ಏನಾದರೂ ಬಂದಿದ್ದರೆ ಅದು ಕಂಪನಿಯ ವಿಳಾಸದಿಂದಲೇ ಬಂದಿದೆಯೇ ಎಂದು ಮಗನಿಗೆ ನೋಡಲು ಹೇಳಿ. ಈಗಾಗಲೇ ದುಡ್ಡು ಹಾಕಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ.

ಪ್ರಶ್ನೆ: ಬಿ.ಕಾಂ ಕೊನೆಯ ವರ್ಷದಲ್ಲಿದ್ದೇನೆ. ಇದೆಲ್ಲ ಎಂಜಿನಿಯರಿಂಗ್‌ನವರಿಗೆ ಮಾತ್ರವೇ?
– ವಿದ್ಯಾರ್ಥಿ, ಭದ್ರಾವತಿ

ಉತ್ತರ: ಅಲ್ಲ. ಲೆಕ್ಕಪತ್ರ, ಖರೀದಿ, ಎಚ್‌ಆರ್ ವಿಭಾಗಗಳಲ್ಲೂ ಇಂಟರ್ನ್‌ಗಳನ್ನು ತೆಗೆದುಕೊಳ್ಳುತ್ತಾರೆ. 2024ರಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ 21ರಿಂದ 24 ವರ್ಷದವರಿಗೆಂದು ಹೊರಟದ್ದು. ತಿಂಗಳಿಗೆ 5,000 ರೂಪಾಯಿಯಂತೆ 12 ತಿಂಗಳು ಎಂದಿತ್ತು. ಆಗ ರೆಗ್ಯುಲರ್ ಓದುತ್ತಿರುವವರು ಅದಕ್ಕೆ ಸೇರುವಂತಿರಲಿಲ್ಲ, ಈಗಿನ ನಿಯಮ ನೋಡಿಕೊಂಡು ಅರ್ಜಿ ಹಾಕಿ. ಈಗ ಎಕ್ಸೆಲ್ ಚೆನ್ನಾಗಿ ಕಲಿಯಿರಿ. ಟ್ಯಾಲಿ ಬರುತ್ತದೆ ಎನ್ನುವವರು ಬೇಕಾದಷ್ಟು ಸಿಗುತ್ತಾರೆ, ಎಕ್ಸೆಲ್‌ನಲ್ಲಿ ರಾಶಿ ಲೆಕ್ಕವನ್ನು ಗುಂಪು ಮಾಡಿ ಸಾರಾಂಶ ತೋರಿಸುವ ಪಿವೋಟ್ ಟೇಬಲ್ ಮಾಡಿ ತೋರಿಸುವವರು ಕಡಿಮೆ.